ವಿಮಲಾಬಾಯಿಯ ಬೇರಿನ ನೀರು

ಔರಾದ ತಾಲೂಕಿನ ಎಕಂಬಾದ ಸಾಲೆಯಲ್ಲಿ ನಾನು ಹತ್ತೊಂಬತ್ತು ವರ್ಷ ಮಾಸ್ತರನಾಗಿದ್ದೆ. ಅಲ್ಲಿಯ ಮಕ್ಕಳು ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಬೈಯುವಾಗ ಮಾತ್ರ ಎಲ್ಲರದೂ ಉರ್ದು. ಅವರಿಗೆ ನಾನು ಏನು ಕಲಿಸಿದೆನೋ ನನಗೇ ಸರಿಯಾಗಿ ತಿಳಿಯದು. ಆದರೆ ಆ ಊರಲ್ಲಿ ಒಬ್ಬ ಹೆಂಗಸಿನ ಬದುಕನ್ನು ನಾನು ಕೆಡಿಸಿದೆ ಎಂಬುದು ಖಚಿತವಾಗಿ ಗೊತ್ತು. ಈಗ ನಿವೃತ್ತನಾಗಿ ಬೀದರಿನ ಮೈಲೂರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬರೆಯುವುದರಲ್ಲಿ ನಾನು ಮೊದಲಿನಿಂದಲೂ ಶೂರ, ಬಾಯಿ ಬಿಡಬೇಕಾದ ಹೊತ್ತಿನಲ್ಲಿ ಹೇಡಿ.

ಆಕೆಯ ಹೆಸರು ವಿಮಲಾಬಾಯಿ. ಭಾಲ್ಕಿ ಕಡೆಯ ಲಿಂಗಾಯತರ ಮಗಳು, ಹದಿನಾರಕ್ಕೆ ಎಕಂಬಾಕ್ಕೆ ಸೊಸೆಯಾಗಿ ಬಂದವಳು. ಗಂಡ ಮನ್ಮಥಪ್ಪನಿಗೆ ಎರಡು ಎಕರೆ ತೊಗರಿ ಹೊಲ ಇತ್ತು. ಮಾತು ಕಡಿಮೆ, ಆಯುಷ್ಯ ಇನ್ನೂ ಕಡಿಮೆ. ಆತ ತೀರಿಕೊಂಡಾಗ ಮಗಳು ಈಶ್ವರಿಗೆ ಏಳು ವರ್ಷ. ವಿಮಲಾಬಾಯಿ ಹನ್ನೊಂದು ದಿನ ಅತ್ತು, ಹನ್ನೆರಡನೆಯ ದಿನ ಕುಡಗೋಲು ಹಿಡಿದು ಹೊಲಕ್ಕೆ ಹೋದಳಂತೆ. ಕೊರಳಲ್ಲಿ ಇಷ್ಟಲಿಂಗ ಇತ್ತು. ಊರಲ್ಲಿ ಯಾವ ಗುಡಿಯ ಮುಂದೆಯೂ ಆಕೆ ನಿಂತದ್ದನ್ನು ನಾನು ನೋಡಿಲ್ಲ. ಯಾರಾದರೂ ಕೆಣಕಿದರೆ, "ನನ್ನ ದೇವರು ನನ್ನ ಎದೀ ಮ್ಯಾಲೇ ಅದಾನ. ಮತ್ತೊಂದು ಕಲ್ಲಿಗಿ ಯಾಕ ಕೈ ಮುಗೀಲಿ?" ಎನ್ನುತ್ತಿದ್ದಳು.

ಹೊಲ ಆಕೆಯ ಹೊಟ್ಟೆಗೆ ಹಾಕುತ್ತಿತ್ತು. ಆಕೆಗೆ ಹೆಸರು ತಂದದ್ದು ಮಾತ್ರ ಒಂದು ಅತ್ತಿ ಮರ. ನಮ್ಮ ಕಡೆ ಅತ್ತೆಗೂ ಅತ್ತಿ ಅನ್ನುತ್ತಾರೆ, ಮರಕ್ಕೂ ಅತ್ತಿ ಅನ್ನುತ್ತಾರೆ. ವಿಮಲಾಬಾಯಿಗೆ ಒಬ್ಬ ಅತ್ತಿಯೇ ಇನ್ನೊಂದು ಅತ್ತಿಯನ್ನು ಬಳುವಳಿ ಕೊಟ್ಟಿದ್ದಳು. ಮರ ನಿಂತದ್ದು ಪಕ್ಕದ ಹೊಲದ ಬದುವಿನಲ್ಲಿ, ಹಳೆಯ ಬಾವಿಯ ಮಗ್ಗುಲಿಗೆ. ಆ ಹೊಲ ಮಚ್ಛೇಂದ್ರ ಎಂಬ ಮರಾಠರವನದು. ಕೊಂಬೆ ಈಕೆಯ ಹೊಲದ ಮೇಲೆ, ಬುಡ ಆತನ ಹೊಲದಲ್ಲಿ. ಆಗ ಅದನ್ನು ಯಾರೂ ಕೇಳುತ್ತಿರಲಿಲ್ಲ.

ಆಕೆ ಮಾಡುತ್ತಿದ್ದುದು ಬೇರಿನ ನೀರು. ಇದನ್ನು ನೋಡದವರಿಗೆ ನಂಬಿಕೆ ಬರುವುದಿಲ್ಲ. ಮರದಿಂದ ನಾಲ್ಕು ಮಾರು ದೂರದಲ್ಲಿ, ಇಳಿಜಾರಿನ ಕಡೆ, ಮೊಳಕೈ ಮುಳುಗುವಷ್ಟು ಆಳ ಅಗೆಯುತ್ತಿದ್ದಳು. ಹೆಬ್ಬೆರಳ ದಪ್ಪದ ಬೇರು ಸಿಕ್ಕಿದರೆ ಮಣ್ಣು ಒರೆಸಿ, ಒಂದೇ ಏಟಿಗೆ ಕತ್ತರಿಸಿ, ಕತ್ತರಿಸಿದ ತುದಿಯನ್ನು ಒಂದು ಗಡಿಗೆಯ ಬಾಯೊಳಗೆ ಬಿಟ್ಟು ಬಟ್ಟೆ ಸುತ್ತಿ ಮಣ್ಣು ಮುಚ್ಚಿ ಬರುತ್ತಿದ್ದಳು. ಸಂಜೆ ಹೂತಿಟ್ಟ ಗಡಿಗೆ ಬೆಳಿಗ್ಗೆ ಅರ್ಧ ತುಂಬಿರುತ್ತಿತ್ತು. ಕುಡಿದರೆ ತಣ್ಣಗೆ, ಸ್ವಲ್ಪ ಒಗರು. ಮೈಯಲ್ಲಿ ಉಷ್ಣ ಎಂದವರಿಗೆ, ದಡಾರ ಎದ್ದ ಮಕ್ಕಳಿಗೆ, ಬಸಿರು ನಿಲ್ಲದ ಹೆಂಗಸರಿಗೆ ಒಂದೊಂದು ಲೋಟ ಕೊಡುತ್ತಿದ್ದಳು. ಒಂದು ದಿಕ್ಕಿನ ಬೇರು ಕಡಿದರೆ ಮೂರು ವರ್ಷ ಆ ದಿಕ್ಕಿಗೆ ಕೈ ಹಚ್ಚುತ್ತಿರಲಿಲ್ಲ. ಕಡಿದ ಗಾಯಕ್ಕೆ ಸಗಣಿ, ಬೂದಿ ಮೆತ್ತಿ, "ಸಾಕು, ನಿದ್ದಿ ಮಾಡು" ಎಂದು ಮಣ್ಣು ತಟ್ಟುತ್ತಿದ್ದಳು. ಮಂಗನಬಾವು ಬಂದು ಗದ್ದ ಊದಿಸಿಕೊಂಡ ಮಕ್ಕಳನ್ನು ಕರೆತಂದರೆ ಕಾಂಡಕ್ಕೆ ಉಗುರಿನಷ್ಟು ಗೀರು ಹಾಕಿ, ಬಿಳಿ ಹಾಲನ್ನು ಅರಳೆಗೆ ಹಚ್ಚಿ ಬಾವಿನ ಮೇಲೆ ಅಂಟಿಸುತ್ತಿದ್ದಳು. ಬೇಸಿಗೆಯಲ್ಲಿ ಕಾಯಿ ಕಿತ್ತು ಪಲ್ಯ ಮಾಡಿ ಸಾಲೆಯ ಮಾಸ್ತರರಿಗೆಲ್ಲ ಕಳಿಸುತ್ತಿದ್ದಳು. ನಾನು ಬೇಡವೆಂದರೂ ಡಬ್ಬಿ ಖಾಲಿಯಾಗದೆ ವಾಪಸು ಹೋಗಿದ್ದಿಲ್ಲ.

ಈ ನೀರಿನಿಂದ ರೋಗ ಹೋಗುತ್ತಿತ್ತೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನನ್ನ ಮಗಳು ಶರ್ವರಿಗೆ ನಾಲ್ಕು ವರ್ಷವಿದ್ದಾಗ ದಡಾರ ಬಂತು. ಔರಾದ ದವಾಖಾನೆಯ ಔಷಧವನ್ನೂ ಕೊಟ್ಟೆವು, ಬೇರಿನ ನೀರನ್ನೂ ಕೊಟ್ಟೆವು. ಯಾವುದರಿಂದ ಎದ್ದಳೋ ಯಾರು ಹೇಳಬೇಕು? ಆದರೆ ಮೂರು ದಿನ ಆ ಕೂಸಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಚಮಚದಿಂದ ಹನಿ ಹನಿ ನೀರು ಹಾಕುತ್ತ ಕೂತವಳು ವಿಮಲಾಬಾಯಿ. ಅದಕ್ಕೆ ಆಕೆ ಒಂದು ಬಟ್ಟಲು ಚಹಾ ಬಿಟ್ಟರೆ ಏನನ್ನೂ ಮುಟ್ಟಲಿಲ್ಲ. ಅಂಥ ಋಣ ನನ್ನ ಮೇಲಿತ್ತು, ನಾನು ಅದನ್ನು ತೀರಿಸಿದ ರೀತಿಯನ್ನು ಮುಂದೆ ನೋಡಿ.

ಎರಡು ಸಾವಿರದ ಹದಿನೇಳರ ಬೇಸಿಗೆಯಲ್ಲಿ ಮಚ್ಛೇಂದ್ರ ಆ ಮರವನ್ನು ಇಟ್ಟಂಗಿ ಭಟ್ಟಿಯವರಿಗೆ ಮಾರಿದ. ಅತ್ತಿಯ ಕಟ್ಟಿಗೆ ಬಾಗಿಲಿಗೆ ಬರುವುದಿಲ್ಲ, ಮಂಚಕ್ಕೆ ಬರುವುದಿಲ್ಲ, ಸುಡುವುದಕ್ಕೆ ಮಾತ್ರ. ನಾನೂ ವಿಮಲಾಬಾಯಿಯೂ ಆತನ ಮನೆಗೆ ಹೋದೆವು. ಆತನ ತಾಯಿ ವತ್ಸಲಾಬಾಯಿ ದತ್ತನ ಪರಮ ಭಕ್ತೆ, ವರ್ಷಕ್ಕೊಮ್ಮೆ ಗಾಣಗಾಪುರಕ್ಕೆ ಹೋಗಿ ಬರುವವಳು. ಅತ್ತಿ ಎಂದರೆ ದತ್ತನ ಔದುಂಬರ ಅಲ್ಲವೇ ಎಂದು ನಾನು ಅವಳ ಎದುರು ನೆನಪಿಸಿದೆ. ಮಚ್ಛೇಂದ್ರ ನಕ್ಕ.

"ಔದುಂಬರ ಬ್ಯಾರೆ, ಅತ್ತಿ ಗಿಡ ಬ್ಯಾರೆ ಮಾಸ್ತರ. ಪಾದುಕಾ ಇದ್ದಲ್ಲಿ ಔದುಂಬರ. ಇಲ್ಲಂದ್ರ ಬರೀ ಉಂಬರ, ಹುಳ ತಿನ್ನೋ ಹಣ್ಣಿಂದು."

ತಾಯಿಯೂ ತಲೆಯಾಡಿಸಿದಳು. ಶುಕ್ರವಾರ ಕೊಯ್ಯುವವರು ಬರುವವರಿದ್ದರು, ಅಂದು ಸೋಮವಾರ.

ದಾರಿಯಲ್ಲಿ ನಾನೇ ಅಂದೆ, "ಹಂಗಾದ್ರ ಪಾದುಕಾ ಇಡೋಣರಿ."

ವಿಮಲಾಬಾಯಿ ನಿಂತುಬಿಟ್ಟಳು. "ಸುಳ್ಳ ದೇವರು ಮಾಡಾದಾ? ನನ್ನ ಕೈಲೆ?"

"ನಿಮಗ ಗಿಡ ಬೇಕೋ, ನಿಮ್ಮ ಖರೆ ಬೇಕೋ?" ಎಂದೆ. ಇಂಥ ಪ್ರಶ್ನೆ ಕೇಳುವವನ ಬಾಯಿಗೆ ಮಣ್ಣು ಹಾಕಬೇಕು. ಆಕೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬುಧವಾರ ಬೆಳಿಗ್ಗೆ ಸಾಲೆಯ ಗೇಟಿಗೆ ಬಂದು, "ತರ್ರಿ" ಎಂದಷ್ಟೇ ಹೇಳಿ ಹೋದಳು.

ಅಂದೇ ಬಸ್ಸು ಹಿಡಿದು ಬೀದರಿಗೆ ಹೋದೆ. ಗೋರಿಗಲ್ಲು, ಒಳಕಲ್ಲು ಕೆತ್ತುವ ಮುಬಶ್ಶೀರ ನನ್ನ ಹಳೆಯ ಪರಿಚಯ. ಸಂಜೆಯೊಳಗೆ ಒಂದು ಜೋಡಿ ಪಾದ ಬೇಕು ಎಂದೆ. ಆತ ಬೀಡಿ ಆರಿಸಿ, "ಸೈಜ್ ಹೇಳ್ರಿ ಸಾಹೇಬ್ರ. ದೇವರದಾದ್ರೂ ಸೈಜ್ ಬೇಕಲ್ಲ" ಎಂದ. ನನಗೆ ಏನೂ ಹೊಳೆಯಲಿಲ್ಲ. ಚಪ್ಪಲಿ ಬಿಟ್ಟು ಪೇಪರಿನ ಮೇಲೆ ನಿಂತೆ. ಆತ ಸೀಸದಕಡ್ಡಿಯಿಂದ ಸುತ್ತ ಗೆರೆ ಎಳೆದ. ಅದೇ ಅಳತೆಯಲ್ಲಿ ಕರಿಗಲ್ಲಿನ ಮೇಲೆ ಎರಡು ಪಾದ ಎದ್ದವು. ಹೊಸ ಕಲ್ಲು ಎಂದು ತಿಳಿಯದಿರಲಿ ಎಂದು ಆತನೇ ಎಣ್ಣೆ, ಮಸಿ ಉಜ್ಜಿ ಕೊಟ್ಟ.

ಗುರುವಾರ ಬೆಳಿಗ್ಗೆ ಬೇರು ಅಗೆಯುತ್ತಿದ್ದ ವಿಮಲಾಬಾಯಿಗೆ ಮಣ್ಣಿನೊಳಗೆ ಪಾದುಕೆ "ಸಿಕ್ಕವು". ಅದೂ ದತ್ತನ ವಾರ. ಆಕೆ ಓಡಿಹೋಗಿ ವತ್ಸಲಾಬಾಯಿಗೆ ಹೇಳಿದ್ದು ಒಂದೇ ಮಾತು: "ಬಾಯಿ, ನಿಮ್ಮ ಹೊಲದಾಗ ಏನೋ ಕಲ್ಲ ಸಿಕ್ಕದರಿ." ದೇವರು ಎನ್ನುವ ಶಬ್ದವನ್ನು ಆಕೆ ಆಡಲೇ ಇಲ್ಲ. ಆಡುವ ಅಗತ್ಯವೂ ಬೀಳಲಿಲ್ಲ. ವತ್ಸಲಾಬಾಯಿ ಬಂದು ನೋಡಿ, ಮಣ್ಣಲ್ಲಿ ಹೊರಳಾಡಿ, ದತ್ತಾ ದತ್ತಾ ಎಂದು ಅತ್ತಳು. ಮಧ್ಯಾಹ್ನದೊಳಗೆ ಕುಂಕುಮ, ಹೂ, ತೆಂಗಿನಕಾಯಿ ಬಂದವು. ಶುಕ್ರವಾರ ಬಂದ ಭಟ್ಟಿಯವರು ಗರಗಸವನ್ನು ಗಾಡಿಯಲ್ಲೇ ಬಿಟ್ಟು, ಕೈಮುಗಿದು, ಪ್ರಸಾದ ತಿಂದು ಹೋದರು.

ಮರ ಉಳಿಯಿತು. ಆ ದಿನ ನಾವಿಬ್ಬರೂ ಬಾವಿಯ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಕೆ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಮುಂದಿನದು ಬೇಗ ಬೇಗ ಆಯಿತು. ಮೊದಲು ಕೊಂಬೆಗೆ ಧ್ವಜ ಬಂತು, ಆಮೇಲೆ ತಗಡಿನ ಚಪ್ಪರ, ಆಮೇಲೆ ಒಂದು ಸಮಿತಿ. ಮಚ್ಛೇಂದ್ರ ಅಧ್ಯಕ್ಷನಾದ. ಕನ್ನಡ, ಮರಾಠಿ ಎರಡನ್ನೂ ಸರಿಯಾಗಿ ಬರೆಯುವವನು ಬೇಕಾಗಿತ್ತು, ಹಾಗಾಗಿ ನಾನು ಕಾರ್ಯದರ್ಶಿಯಾದೆ. ದತ್ತ ಜಯಂತಿಗೆ ಉದಗೀರ, ದೇಗಲೂರ ಕಡೆಯಿಂದ ಜೀಪು ತುಂಬಿ ಜನ ಬಂದರು. ಅವರಿಗೆ ಹಂಚಲು ಒಂದು ಕರಪತ್ರ ಬೇಕಾಯಿತು. ಪಾದುಕೆಗಳು ಸ್ವಯಂಭೂ, ಐದುನೂರು ವರ್ಷದ ಹಿಂದಿನವು ಎಂದು ನಾನೇ ಬರೆದೆ. ನನ್ನ ಅಂಗಾಲಿನ ಅಳತೆಯ ಕಲ್ಲಿನ ಬಗ್ಗೆ! ವೇದಿಕೆಯ ಮೇಲೆ ಕುರ್ಚಿ, ಮೊದಲ ಮಂಗಳಾರತಿ, ಶಾಲು. ಅಷ್ಟು ವರ್ಷ ಪಾಠ ಹೇಳಿದಾಗ ಸಿಗದ ಮರ್ಯಾದೆ ಒಂದು ಪುಟದ ಸುಳ್ಳಿನಿಂದ ಸಿಕ್ಕಿತು. ಅತ್ತಿಯ ಹಣ್ಣು ಬಿಚ್ಚಿ ನೋಡಬಾರದು ಅನ್ನುತ್ತಾರಲ್ಲ, ನನ್ನನ್ನೂ ಆಗ ಬಿಚ್ಚಿ ನೋಡಬಾರದಾಗಿತ್ತು.

ವಿಮಲಾಬಾಯಿ ಮೊದಲ ವರ್ಷ ಎಂದಿನಂತೆ ಗಡಿಗೆ ಹಿಡಿದು ಬರುತ್ತಿದ್ದಳು. ಎರಡನೆಯ ವರ್ಷ ಮಚ್ಛೇಂದ್ರ ಮೆತ್ತಗೆ ಹೇಳಿದ, "ಅಕ್ಕ, ದೇವರ ಮೈಗಿ ಕುಡಗೋಲ ಹಚ್ಚಬ್ಯಾಡ. ಭಕ್ತರು ನೋಡ್ತಾರ." ಆಕೆ ಸುಮ್ಮನೆ ನಕ್ಕಳು. ಮೂರನೆಯ ವರ್ಷ ಮರದ ಸುತ್ತ ಕಬ್ಬಿಣದ ಜಾಳಿಗೆ ಬಂತು, ಜಾಳಿಗೆಗೆ ಬೀಗ ಬಂತು. ಆಕೆ ನನ್ನ ಹತ್ತಿರ ಬಂದು ಬೀಗದ ಕೈ ಕೇಳಿದಳು. ಸಮಿತಿಯಲ್ಲಿ ಮಾತಾಡುತ್ತೇನೆ ಎಂದೆ. ಮಾತಾಡಲಿಲ್ಲ.

ಕರೋನಾ ಬಂದು ಹೋದ ಮರುವರ್ಷ ವಜೀರಬೀ ಎಂಬ ಮುದುಕಿ ಮೊಮ್ಮಗನನ್ನು ಕರೆದುಕೊಂಡು ಬಂದಳು. ಮಗುವಿನ ಎರಡೂ ಗದ್ದ ಊದಿ ಬಾಯಿ ತೆರೆಯಲು ಬರುತ್ತಿರಲಿಲ್ಲ. ವಜೀರಬೀಯ ಮನೆಯ ಮೂರು ತಲೆಮಾರಿನವರ ಊದಿದ ಗದ್ದಕ್ಕೆ ಆ ಮರದ ಹಾಲು ಅಂಟಿಸಲಾಗಿತ್ತು. ಈಗ ಬುರ್ಖಾ ಹಾಕಿದವಳು ಆ ಜಾಳಿಗೆಯ ಹತ್ತಿರ ಹೋಗುವಂತಿರಲಿಲ್ಲ. ದವಾಖಾನೆಗೆ ತೋರಿಸಿ ಎಂದು ವಿಮಲಾಬಾಯಿ ಹೇಳಿದಳಂತೆ. ತೋರಿಸಿಯೇ ಬಂದೀನಿ, ನಿನ್ನ ಕೈಯಿಂದ ಹಚ್ಚಿದರೆ ಸಮಾಧಾನ ಎಂದಳಂತೆ ಮುದುಕಿ. ವಿಮಲಾಬಾಯಿ ಹಾಡಹಗಲು, ಎಲ್ಲರ ಎದುರಿಗೆ, ಜಾಳಿಗೆಯ ಸಂದಿಯಲ್ಲಿ ಕೈ ತೂರಿಸಿ ಕಾಂಡಕ್ಕೆ ಗೀರು ಹಾಕಿದಳು. ಪೂಜಾರಿ ಕೂಗಿದ. ಐದು ನಿಮಿಷದಲ್ಲಿ ಊರು ಸೇರಿತು.

ಆಕೆಯ ಕುಡಗೋಲು ಕಸಿದುಕೊಂಡರು. ಸಂಜೆ ಚಪ್ಪರದ ಕೆಳಗೆ ಸಭೆ ಕರೆದರು. ಅದೇ ಸಭೆಯಲ್ಲಿ ಇನ್ನೊಂದು ವಿಷಯವೂ ಇತ್ತು: ಮರದ ಸುತ್ತ ಹದಿನೈದು ಅಡಿ ಸಿಮೆಂಟಿನ ಕಟ್ಟೆ ಕಟ್ಟಿ ಟೈಲ್ಸು ಹಾಕುವುದು. ಕುಡಗೋಲಿನ ಮಾತು ಬಂದಾಗ ತಲೆ ತಗ್ಗಿಸಿ ಕೂತಿದ್ದ ವಿಮಲಾಬಾಯಿ, ಸಿಮೆಂಟಿನ ಮಾತು ಬಂದಾಗ ಎದ್ದು ನಿಂತಳು.

"ಬ್ಯಾಡ್ರಿ. ಬೇರಿಗಿ ಗಾಳಿ ಬೇಕು, ನೀರು ಬೇಕು. ಮ್ಯಾಲ ಸಿಮಿಟ್ ಹಾಕಿದ್ರ ಎರಡು ವರ್ಷದಾಗ ಗಿಡ ಸಾಯ್ತದ. ನನಗ ಗಿಡ ಮುಟ್ಟಬ್ಯಾಡ ಅನ್ರಿ, ಮುಟ್ಟಾದಿಲ್ಲ. ಆದ್ರ ಸಿಮಿಟ್ ಬ್ಯಾಡ್ರಿ."

"ದೇವರ ಗಿಡ ಹ್ಯಾಂಗ ಸಾಯ್ತದ?" ಎಂದ ಮಚ್ಛೇಂದ್ರ. ಜನ ಹೌದು ಹೌದು ಎಂದರು.

ಆಗ ಆಕೆ ಹೇಳಿಬಿಟ್ಟಳು. "ಅದು ದೇವರ ಗಿಡ ಅಲ್ಲರಿ. ಆ ಪಾದುಕಾ ಭೂಮ್ಯಾಗ ಹುಟ್ಟಿಲ್ಲ, ನಾ ಇಟ್ಟೀನಿ. ಗಿಡ ಉಳೀಲಿ ಅಂತ ಸುಳ್ಳ ಮಾಡೀನಿ. ತಪ್ಪ ನಂದದ. ಅದೇ ಸುಳ್ಳ ಈಗ ಗಿಡದ ಉಸಿರು ಕಟ್ಟಸ್ಲಾಕತ್ತದ, ಅದಕ್ಕ ಖರೆ ಹೇಳ್ತೇನಿ."

ಆಮೇಲೆ ವತ್ಸಲಾಬಾಯಿ, ಸಿಟ್ಟಿಲ್ಲದೆ, ಪ್ರೀತಿಯಿಂದಲೇ ಅಂದಳು, "ನೀನೇ ಇಟ್ಟಿದ್ರೂ ಇಟ್ಟಿರಬೇಕು ವಿಮಲಾ. ಯಾರ ಕೈಲೆ ಇಡಸ್ಬೇಕಂತ ಅವಂಗ ಗೊತ್ತದ." ಎಲ್ಲರೂ ಕೈಮುಗಿದರು. ಒಂದು ಖರೆ ಇಷ್ಟು ಸುಲಭವಾಗಿ ಪವಾಡವಾದದ್ದನ್ನು ನಾನು ಎಲ್ಲೂ ಕಂಡಿಲ್ಲ.

ವಿಮಲಾಬಾಯಿ ನನ್ನ ಕಡೆ ತಿರುಗಿದಳು. "ಮಾಸ್ತರಗ ಕೇಳ್ರಿ. ಬೀದರದಾಗ ಕೆತ್ತಿಸಿ ತಂದವರು ಅವರೇ. ಅವರ ಕಾಲಿಂದೇ ಅಳತಿ ಅದ. ಬೇಕಂದ್ರ ಇಟ್ಟು ನೋಡ್ರಿ, ಬರೋಬ್ಬರಿ ಕೂಡ್ತದ."

"ದೇವರ ಪಾದುಕಾ ಮ್ಯಾಲ ಕಾಲ ಇಡಬೇಕೇನು? ತಲಿ ಕೆಟ್ಟದೇನು ನಿಂದು?" ಮಚ್ಛೇಂದ್ರ ಗದರಿದ. ಆಮೇಲೆ ನನ್ನನ್ನು ನೋಡಿ, "ನೀವೇ ಹೇಳ್ರಿ ಮಾಸ್ತರ. ಈಕಿ ಹೇಳಾದು ಖರೆ ಏನು?" ಎಂದ.

ನಾನು ವೇದಿಕೆಯ ಮೇಲೆ, ಶಾಲು ಹೊದ್ದು ಕೂತಿದ್ದೆ. ಕಾಲು ತಾವಾಗಿಯೇ ಮಡಚಿಕೊಂಡು ಧೋತರದೊಳಗೆ ಸೇರಿದವು. ಕರಪತ್ರದ ಕೆಳಗೆ ನನ್ನ ಹೆಸರಿತ್ತು. ಎದುರಿಗೆ ನಾನೇ ಕಲಿಸಿದ ಹುಡುಗರು ದೊಡ್ಡವರಾಗಿ, ತಮ್ಮ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಆಕೆ ನನ್ನನ್ನೇ ನೋಡುತ್ತಿದ್ದಳು. ಬೇಡುವ ನೋಟ ಅಲ್ಲ ಅದು, ನಾನು ಹೇಳಿಯೇ ಹೇಳುತ್ತೇನೆ ಎಂಬ ಭರವಸೆಯ ನೋಟ.

"ವಿಮಲಾಬಾಯಿಗಿ ದಣಿವಾಗ್ಯಾದ. ಮನಿಗಿ ಕರಕೊಂಡು ಹೋಗ್ರಿ" ಎಂದೆ.

ಆಕೆ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸೆರಗು ಸರಿಮಾಡಿಕೊಂಡು ಒಬ್ಬಳೇ ಹೊರಟು ನಡೆದಳು.

ಕಟ್ಟೆ ಆಯಿತು. ಬಿಳಿ ಟೈಲ್ಸು, ನಡುವೆ ಒಂದು ತಾಮ್ರದ ಕಳಶ. ಬುಡದ ಸುತ್ತ ಒಂದು ಬುಟ್ಟಿಯಷ್ಟು ಮಣ್ಣೂ ಕಾಣದ ಹಾಗೆ ಬಿಗಿದರು. ಮೊದಲ ಬೇಸಿಗೆಯಲ್ಲಿ ಮರ ಕಾಯಿ ಬಿಡಲಿಲ್ಲ. ಎರಡನೆಯ ಬೇಸಿಗೆಯಲ್ಲಿ ತುದಿ ಕೊಂಬೆಗಳು ಒಣಗಿದವು, ತೊಗಟೆ ಹಪ್ಪಳದಂತೆ ಎದ್ದು ಬಿತ್ತು. ಆಕೆ ಎಣಿಸಿದ ಎರಡು ವರ್ಷಕ್ಕೆ ಒಂದು ತಿಂಗಳು ಕಡಿಮೆಯಿದ್ದಾಗ ಮರ ಪೂರ್ತಿ ಸತ್ತಿತು.

ದೇವರ ಮರ ಸತ್ತರೆ ಯಾರಾದರೂ ಕಾರಣವಾಗಬೇಕಲ್ಲ. ಕಾಂಡದ ಮೇಲಿನ ಹಳೆಯ ಗೀರುಗಳನ್ನು ಜನ ಬೆರಳಿಟ್ಟು ತೋರಿಸತೊಡಗಿದರು. ನಲವತ್ತು ವರ್ಷದ ಗೀರುಗಳು, ಒಂದೊಂದೂ ಮಾಯ್ದು ಗಂಟುಗಟ್ಟಿದವು. ಪಾದುಕೆ ತಾನೇ ಇಟ್ಟದ್ದು ಎಂದಾಗ ಆಕೆಯನ್ನು ನಂಬದ ಜನ, ಆಕೆಯ ಕುಡಗೋಲೇ ಮರವನ್ನು ಕೊಂದಿತು ಎಂದು ಯಾರೋ ಅಂದಾಗ ಮರುಮಾತಿಲ್ಲದೆ ನಂಬಿದರು. ಆಕೆಯ ಕೈಯ ನೀರು ಕುಡಿದು ಹುಟ್ಟಿದವರೇ ಆಕೆಯ ಬಾಗಿಲ ಮುಂದೆ ಉಗುಳಿ ಹೋದರು. ಸಮಿತಿಯವರು, ಪಾದುಕೆಗೆ ತಲೆ ಹಚ್ಚಿ ತಪ್ಪೊಪ್ಪಿಕೊಂಡರೆ ಬಿಡುತ್ತೇವೆ ಎಂದರು. ಆಕೆ ಎದೆಯ ಮೇಲಿನ ಲಿಂಗವನ್ನು ಮುಟ್ಟಿ, ಆಗುವುದಿಲ್ಲ ಎಂದಳು. ಒಂದು ವಾರದಲ್ಲಿ ಹೊಲವನ್ನು ಪಾಲಿಗೆ ಕೊಟ್ಟು, ಭಾಲ್ಕಿಯಲ್ಲಿರುವ ಮಗಳ ಮನೆಗೆ ಹೊರಟುಹೋದಳು.

ಒಣಗಿದ ಮರವನ್ನು ಕೊಯ್ದು ಹೋಮಕ್ಕೆ ಸಮಿಧೆ ಮಾಡಿದರು. ಅತ್ತಿಯ ಸಮಿಧೆ ಬಹಳ ಪವಿತ್ರವಂತೆ. ಅದೇ ಕಟ್ಟೆಯ ನಡುವೆ ಒಂದು ಹೊಸ ಸಸಿ ನೆಟ್ಟರು. ಅದರ ಮುಂದೆ ನಿಲ್ಲಿಸಲು ಒಂದು ಕರಿಕಲ್ಲಿನ ಫಲಕ ಬೇಕಾಯಿತು, ಎರಡೂ ಭಾಷೆಯಲ್ಲಿ. ಬರೆದವನು ಯಾರು ಎಂದು ಬೇರೆ ಹೇಳಬೇಕೇ? "ಇಲ್ಲಿಯ ಮೂಲ ಔದುಂಬರ ವೃಕ್ಷವು ಒಬ್ಬ ಸ್ತ್ರೀಯು ಅಜ್ಞಾನದಿಂದ ಮಾಡಿದ ಆಯುಧದ ಗಾಯಗಳಿಂದ ಒಣಗಿತು. ಭಕ್ತರು ವೃಕ್ಷಕ್ಕೆ ಶಸ್ತ್ರ ತಾಗಿಸಬಾರದು." ವಿಮಲಾಬಾಯಿ ಎಂಬ ಹೆಸರನ್ನು ಹಾಕಲೇಬೇಕು ಎಂದು ಮಚ್ಛೇಂದ್ರ ಹಟ ಹಿಡಿದ. ನಾನು ಜಗಳವಾಡಿ ತೆಗೆಸಿದೆ. ಜೀವನದಲ್ಲಿ ಆಕೆಗಾಗಿ ಒಂದಾದರೂ ಒಳ್ಳೆಯದು ಮಾಡಿದೆ ಎಂದು ಅಂದು ಸಮಾಧಾನದಿಂದ ಉಂಡೆ.

ಹೋದ ತಿಂಗಳು ಭಾಲ್ಕಿಗೆ ಹೋಗಿದ್ದೆ. ಈಶ್ವರಿ ಬಾಗಿಲು ತೆರೆದು, ನನ್ನನ್ನು ಗುರುತಿಸಿ, ಒಳಗೆ ಬರ್ರಿ ಎನ್ನದೆ ಸರಿದು ನಿಂತಳು. ವಿಮಲಾಬಾಯಿ ಹಿತ್ತಲಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬರ್ರಿ ಮಾಸ್ತರ, ಕೂಡ್ರಿ. ಶರ್ವರಿ ಹ್ಯಾಂಗ ಅದಾಳ?" ಎಂದಳು. ಚೆನ್ನಾಗಿದ್ದಾಳೆ ಎಂದೆ. ಚಹಾ ಬಂತು. ಕ್ಷಮೆ ಕೇಳಬೇಕು ಎಂದು ಹೋಗಿದ್ದೆ. ಬಾಯಿಗೆ ಬಂದದ್ದು ಕ್ಷಮೆ ಅಲ್ಲ, ಫಲಕದ ಸುದ್ದಿ.

"ಏನ್ ಬರದೀರಿ ಅದರಾಗ?" ಕೈ ನಿಲ್ಲಿಸದೆ ಕೇಳಿದಳು.

ಹೇಳಿದೆ. ಒಂದು ಅಕ್ಷರ ಬಿಡದೆ ಹೇಳಿದೆ. ಆಮೇಲೆ, ಬಹುಮಾನಕ್ಕೆ ಕೈ ಒಡ್ಡುವವನ ಹಾಗೆ, "ನಿಮ್ಮ ಹೆಸರು ಹಾಕ್ಲಾಕ ನಾ ಬಿಟ್ಟಿಲ್ಲರಿ" ಎಂದೆ.

ಆಕೆ ಸೊಪ್ಪನ್ನು ಮೊರದ ಮೇಲೆ ಇಟ್ಟಳು. ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

"ಹಾಕಬೇಕಿತ್ತರಿ ಮಾಸ್ತರ" ಎಂದಳು. "ನಲವತ್ತು ವರ್ಷ ಆ ಗಿಡದ ಕೂಡ ಬಾಳೇವು ಮಾಡೀನಿ. ಕೊಂದಾಕಿ ಅಂತಾದ್ರೂ ನನ್ನ ಹೆಸರು ಅದರ ಬಾಜೂಕ ಇರ್ತಿತ್ತು."